ಕನ್ನಡದ್ದು ಆಲ್ಫಾಬೆಟ್ಟೋ, ಸಿಲಬರಿಯೋ, ಇನ್ನೇನೋ? ಲಿಪಿಗಳ ಜಾತಿ ಗುರುತಿಸೋದು ಹೇಗೆ?

ಚಾರ್ಟ್_ಮಂಜು
ಒಂದೇ ಲಿಪಿಗೆ ಮೂರು ಹೆಸರು ಸಿಗ್ತಿದೆ. ನಮ್ಮ ವ್ಯಾಕರಣದಲ್ಲಿ ‘ವರ್ಣಮಾಲೆ’, ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿ ‘ಸಿಲಬರಿ’, ಈಗಿನವರು ‘ಅಬುಗಿಡ’ ಅಂತಾರೆ. ಪ್ರಪಂಚದ ಲಿಪಿಗಳ ಚಾರ್ಟಲ್ಲಿ ಕನ್ನಡವನ್ನ ಯಾವ ಕಾಲಮ್ಮಿಗೆ ಹಾಕ್ಲಿ? ‘ಎಲ್ಲಾ ಒಂದೇ ಬಿಡಿ’ ಅನ್ನೋ ಉತ್ತರ ಬೇಡ. ನಾವೇ ಪರೀಕ್ಷೆ ಮಾಡಿ ನೋಡೋ ಹಾಗಿರಲಿ.

ಗುಣಿತಾಕ್ಷರ
ಪರೀಕ್ಷೆ ಸುಲಭ ಮಂಜು ಅವರೇ. ಯಾವುದೇ ಲಿಪಿಯಲ್ಲಿ ಕ, ಕಿ, ಕು ಈ ಮೂರನ್ನು ಬರೆಸಿ ಪಕ್ಕಪಕ್ಕ ಇಟ್ಟು ನೋಡಿ.

ಮೂರೂ ಒಂದಕ್ಕೊಂದು ಸಂಬಂಧವೇ ಇಲ್ಲದ ಆಕಾರಗಳಾಗಿದ್ದರೆ ಅದು ಸಿಲಬರಿ. ಜಪಾನಿನ ಹಿರಗಾನ ಹಾಗೆ: ಕ, ಕಿ, ಕು ಎಂಬ ಮೂರರಲ್ಲಿ ‘ಕ್’ ಎಲ್ಲಿದೆ ಅಂತ ಹುಡುಕಿದರೂ ಸಿಗದು. ಮೂರಕ್ಕೂ ಒಂದೇ ಅಕ್ಷರ ಬರೆದು, ಸ್ವರವನ್ನು ಓದುಗನೇ ತುಂಬಿಕೊಳ್ಳಬೇಕಾದರೆ ಅಬ್ಜದ್. ಅರಬ್ಬಿ, ಹೀಬ್ರೂ ಈ ಗುಂಪಿನವು. ಕಕಾರದ ಪಕ್ಕದಲ್ಲಿ ಅಷ್ಟೇ ಗಾತ್ರದ, ಸ್ವತಂತ್ರವಾದ ಸ್ವರಾಕ್ಷರ ಬಂದು ಕೂತರೆ ಆಲ್ಫಾಬೆಟ್: ಗ್ರೀಕ್, ಲ್ಯಾಟಿನ್, ರಷ್ಯನ್, ಆರ್ಮೇನಿಯನ್. ಒಂದು ಮೂಲ ಆಕಾರ ಇದ್ದು, ಸುಮ್ಮನೆ ಬರೆದರೆ ‘ಕ’ ಆಗಿ, ಬೇರೆ ಸ್ವರ ಬೇಕಾದಾಗ ಅದೇ ಆಕಾರಕ್ಕೆ ಕೊಂಬೋ ಗುಡಿಸೋ ಹಚ್ಚುವುದಾದರೆ ಅದು ಅಬುಗಿಡ. ಕನ್ನಡ ಇಲ್ಲಿಗೆ ಸೇರುತ್ತದೆ. ಅಬ್ಜದ್, ಅಬುಗಿಡ ಎಂಬ ಹೆಸರುಗಳನ್ನು ಈ ಅರ್ಥದಲ್ಲಿ ಚಾಲ್ತಿಗೆ ತಂದವರು ಪೀಟರ್ ಡೇನಿಯಲ್ಸ್, 1990ರಲ್ಲಿ. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ನಮ್ಮ ಲಿಪಿಗಳನ್ನು ಸಿಲಬರಿ ಜೊತೆ ಸೇರಿಸಿರುವುದಕ್ಕೆ ಬೇರೆ ಡಬ್ಬಿ ಇಲ್ಲದಿದ್ದದ್ದೂ ಒಂದು ಕಾರಣ.

ಐದನೆಯದು ಪದಲಿಪಿ. ಚೀನೀಯಲ್ಲಿ ಒಂದು ಚಿಹ್ನೆ ಸಾಮಾನ್ಯವಾಗಿ ಒಂದು ಅರ್ಥದ ತುಣುಕು. ಅಲ್ಲಿ ಕ-ಕಿ-ಕು ಪರೀಕ್ಷೆ ನಡೆಯುವುದಿಲ್ಲ.

ಕಲ್ಬರಹ
ಇನ್ನೊಂದು ಒರಟು ಅಳತೆ ಇದೆ, ಗೊತ್ತಿಲ್ಲದ ಲಿಪಿ ಓದಲು ಹೊರಟವರು ಮೊದಲು ಹಿಡಿಯುವುದು ಅದನ್ನೇ. ಬೇರೆ ಬೇರೆ ಚಿಹ್ನೆಗಳನ್ನು ಎಣಿಸಿ. 20ರಿಂದ 40 ಇದ್ದರೆ ಅಬ್ಜದ್ ಅಥವಾ ಆಲ್ಫಾಬೆಟ್. 50ರಿಂದ 100ರ ಆಸುಪಾಸು ಇದ್ದರೆ ಸಿಲಬರಿ. ಅದಕ್ಕಿಂತ ಬಹಳ ಮೇಲೆ ಹೋದರೆ ಪದಚಿಹ್ನೆಗಳು ಬೆರೆತಿವೆ ಎಂದರ್ಥ. ಕ್ರೀಟ್ ಮತ್ತು ಗ್ರೀಸಿನ ಮಣ್ಣಿನ ಹಲಗೆಗಳ ‘ಲೀನಿಯರ್ ಬಿ’ಯಲ್ಲಿ ಸುಮಾರು 90 ಧ್ವನಿಚಿಹ್ನೆಗಳಿದ್ದವು. ಸಿಲಬರಿ ಎಂದು ಹಿಡಿದು ಹೋದ ಮೈಕಲ್ ವೆಂಟ್ರಿಸ್ 1952ರಲ್ಲಿ ಅದನ್ನು ಓದಿದರು, ಭಾಷೆ ಗ್ರೀಕ್ ಎಂದು ತಿಳಿಯಿತು.

ಈ ಅಳತೆ ನಮ್ಮ ಲಿಪಿಗೆ ಕೈಕೊಡುತ್ತದೆ. ವರ್ಣಮಾಲೆ ಎಣಿಸಿದರೆ 13 ಸ್ವರ, 2 ಯೋಗವಾಹ, 25 ವರ್ಗೀಯ, 9 ಅವರ್ಗೀಯ, ಒಟ್ಟು 49. ಆದರೆ ಅಚ್ಚಾದ ಪುಟದ ಮೇಲೆ ಕಣ್ಣಿಗೆ ಬೀಳುವ ಆಕಾರ ಎಣಿಸಿದರೆ 34 ವ್ಯಂಜನಗಳ ಕಾಗುಣಿತವೇ 510 ಆಯಿತು, ಒತ್ತಕ್ಷರ ಇನ್ನೂ ಹಿಡಿದಿಲ್ಲ. ಹಾಗಾಗಿ ಎಣಿಕೆ ಮಾತ್ರ ಸಾಲದು, ಗುಣಿತಾಕ್ಷರ ಅವರ ಪರೀಕ್ಷೆಯೂ ಬೇಕು.

ತುಂಗಾತೀರ
ಒಂದು ತಕರಾರು. ಕನ್ನಡದಲ್ಲಿ ‘ಅ’ಕಾರಕ್ಕೆ ಚಿಹ್ನೆ ಇದೆಯಲ್ಲ, ತಲೆಕಟ್ಟು! ಕ್ + ಅ = ಕ, ತಲೆಕಟ್ಟು ಕೊಟ್ಟರೆ ಕ ಅಂತಲೇ ಶಾಲೆಯಲ್ಲಿ ಹೇಳಿಕೊಡೋದು. ಹಾಗಾದರೆ ಅಕಾರ ಒಳಗೇ ಅಡಗಿದೆ ಅನ್ನೋ ಮಾತು ಎಲ್ಲಿ ನಿಂತಿತು?

ಗುಣಿತಾಕ್ಷರ
ಒಳ್ಳೆ ಪ್ರಶ್ನೆ. ಆದರೆ ಖ, ಜ, ಟ, ಣ, ಬ, ಲ ನೋಡಿ, ಯಾವುದಕ್ಕೂ ತಲೆಕಟ್ಟಿಲ್ಲ. ಆದರೂ ಅಕಾರ ಸೇರಿಸಿಯೇ ಓದುತ್ತೇವೆ. ಇನ್ನೊಂದು ಕಡೆ, ‘ಕು’ದಲ್ಲಿ ತಲೆಕಟ್ಟು ಹಾಗೇ ಉಳಿದಿದೆ, ಅಲ್ಲಿ ಅಕಾರವೇ ಇಲ್ಲ! ಅಂದರೆ ತಲೆಕಟ್ಟು ಸ್ವರದ ಚಿಹ್ನೆ ಎನ್ನುವುದು ಕಲಿಸಲು ಅನುಕೂಲವಾದ ವಿವರಣೆ, ಲಿಪಿಯ ಚರಿತ್ರೆಯಲ್ಲ. ಅದು ಅಕ್ಷರದ ನೆತ್ತಿಯ ಗೆರೆಯಿಂದ ಬೆಳೆದ ಭಾಗ. ಗುಡಿಸು, ಎತ್ವ ಬಂದಾಗ ಅವು ಆ ಜಾಗವನ್ನು ಕಿತ್ತುಕೊಳ್ಳುತ್ತವೆ. ಕೊಂಬಿನ ಜಾಗ ಬಲಗಡೆ ಕೆಳಗೆ, ಹಾಗಾಗಿ ತಲೆಕಟ್ಟಿಗೆ ಅಪಾಯವಿಲ್ಲ.

ತುಂಗಾತೀರ
‘ಕು’ ಉದಾಹರಣೆ ಹೊಳೆದಿರಲಿಲ್ಲ. ಒಪ್ಪಿದೆ.

ಕಲ್ಬರಹ
ಚಾರ್ಟಿನ ಎಡತುದಿಯಲ್ಲಿ ಏನು ಹಾಕಬೇಕು ಅನ್ನೋದಕ್ಕೆ:

ಆಲ್ಫಾಬೆಟ್, ಅಬ್ಜದ್ ಎರಡೂ ಕೊನೆಗೆ ಹೋಗಿ ನಿಲ್ಲುವುದು ಈಜಿಪ್ಟ್ ಮತ್ತು ಸಿನಾಯ್ ಕಡೆ. ಸಿನಾಯ್‌ನ ಸೆರಾಬಿಟ್ ಅಲ್-ಖಾದಿಮ್ ಎಂಬಲ್ಲಿ ಟರ್ಕ್ವಾಯ್ಸ್ (ಹಸಿರುನೀಲಿ ಹರಳು) ಗಣಿಗಳಿದ್ದವು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಈಜಿಪ್ಟಿನ ಚಿತ್ರಲಿಪಿಯಂತೆ ಕಾಣುವ, ಆದರೆ ಹಾಗೆ ಓದಲಾಗದ ಬರಹಗಳನ್ನು ಕಂಡರು. 1916ರಲ್ಲಿ ಅಲನ್ ಗಾರ್ಡಿನರ್ ಹಿಡಿದ ಸುಳಿವು ಹೀಗಿತ್ತು: ಚಿತ್ರ ಈಜಿಪ್ಟಿನದು, ಹೆಸರು ಸೆಮಿಟಿಕ್ (ಅರಬ್ಬಿ, ಹೀಬ್ರೂಗಳ ಕುಟುಂಬದ) ಭಾಷೆಯದು, ಉಚ್ಚಾರ ಆ ಹೆಸರಿನ ಮೊದಲ ಧ್ವನಿ ಮಾತ್ರ. ಮನೆಯ ಚಿತ್ರಕ್ಕೆ ‘ಬೇತ್’, ಅದರಿಂದ ಬ್. ಕಣ್ಣಿಗೆ ‘ಅಯಿನ್’, ಅದರಿಂದ ಗಂಟಲಿನ ಧ್ವನಿ. ನೀರಿನ ಅಲೆಗೆ ‘ಮೇಮ್’, ಅದರಿಂದ ಮ್. ಮತ್ತೆ ಮತ್ತೆ ಬರುತ್ತಿದ್ದ ನಾಲ್ಕು ಚಿಹ್ನೆಗಳನ್ನು ಹೀಗೆ ಕೂಡಿಸಿದಾಗ ‘ಬಅಲತ್’ (ಒಡತಿ) ಎಂಬ ದೇವಿಯ ಹೆಸರು ಬಂತು. ನಾವು ಮಕ್ಕಳಿಗೆ ‘ಅ ಅರಸ, ಆ ಆನೆ’ ಅಂತ ಕಲಿಸುವುದನ್ನು ತಿರುಗುಮುರುಗು ಮಾಡಿದಂತೆ: ಇಲ್ಲಿ ಆನೆಯ ಚಿತ್ರವೇ ಅಕ್ಷರ.

ಇಂಗ್ಲಿಷಿನ ಮೊದಲ ಅಕ್ಷರವನ್ನು ತಲೆಕೆಳಗು ಮಾಡಿ ನೋಡಿ. ಎರಡು ಕೊಂಬಿನ ಎತ್ತಿನ ಮುಖ. ಅದರ ಹೆಸರು ‘ಆಲೆಫ್’, ಅಂದರೆ ಎತ್ತು. ಆ ಎತ್ತು ಶತಮಾನಗಳ ಬರವಣಿಗೆಯಲ್ಲಿ ಪಕ್ಕಕ್ಕೆ ವಾಲಿ, ಆಮೇಲೆ ಪೂರ್ತಿ ಮಗುಚಿಬಿತ್ತು.

ಇದೇ ಬಗೆಯ ಬರಹಗಳು 1990ರ ದಶಕದಲ್ಲಿ ಈಜಿಪ್ಟಿನ ವಾದಿ ಅಲ್-ಹೋಲ್ ಕಣಿವೆಯಲ್ಲೂ ಸಿಕ್ಕವು. ಮುಂದೆ ಫಿನೀಷಿಯನ್ನರ ಕೈಗೆ ಬರುವ ಹೊತ್ತಿಗೆ 22 ಅಕ್ಷರ, ಎಲ್ಲವೂ ವ್ಯಂಜನ, ಬಲದಿಂದ ಎಡಕ್ಕೆ.

ನೇತ್ರಾವತಿ_ಬದಿ
ಸ್ವರ ಬರೀದೆ ಓದುವುದು ಹೇಗೆ ಮಾರಾಯ್ರೇ? ಕನ್ನಡದಲ್ಲಿ ‘ಕ್ಲ್’ ಅಂತ ಬರೆದಿಟ್ಟರೆ ಕಲೆ, ಕಾಲು, ಕೀಲು, ಕುಲ, ಕೂಲಿ, ಕೊಲೆ, ಕೋಲು ಎಲ್ಲಾ ಒಂದೇ ಆಯ್ತಲ್ಲ. ಕೂಲಿ ಕೊಡಿ ಅಂದ್ರೆ ಕೊಲೆ ಆದೀತು.

ಕಲ್ಬರಹ
ಅದಕ್ಕೇ ಅದು ಕನ್ನಡಕ್ಕೆ ಹೊಂದದ ಲಿಪಿ. ಸೆಮಿಟಿಕ್ ಭಾಷೆಗಳ ಕಟ್ಟಡವೇ ಬೇರೆ. ಅರಬ್ಬಿಯಲ್ಲಿ ಕ್-ತ್-ಬ್ ಎಂಬ ಮೂರು ವ್ಯಂಜನ ಬಂದರೆ ‘ಬರೆಯುವ’ ಅರ್ಥ ಅಲ್ಲೇ ಸಿಕ್ಕಿತು. ಕತಬ (ಬರೆದನು), ಕುತಿಬ (ಬರೆಯಲಾಯಿತು), ಕಾತಿಬ್ (ಬರೆಯುವವನು), ಕಿತಾಬ್ (ಪುಸ್ತಕ): ಸ್ವರಗಳು ಮಾಡುವುದು ಬಹುಮಟ್ಟಿಗೆ ವ್ಯಾಕರಣದ ಕೆಲಸ, ವಾಕ್ಯದಲ್ಲಿ ಅದು ಊಹೆಗೆ ಸಿಗುತ್ತದೆ. ದೀರ್ಘ ಆ, ಈ, ಊ ಇದ್ದರೆ ಅಲಿಫ್, ಯಾ, ವಾವ್ ಅಕ್ಷರಗಳನ್ನು ಬರೆಯುವುದುಂಟು. ಹಾಗಾಗಿ ‘ಕತಬ’ ಮತ್ತು ‘ಕುತಿಬ’ ಮಾತ್ರ ಒಂದೇ ರೀತಿ ಕಾಣುತ್ತವೆ. ಕುರಾನಿನಲ್ಲಿ, ಮಕ್ಕಳ ಪುಸ್ತಕದಲ್ಲಿ ಹ್ರಸ್ವಸ್ವರಕ್ಕೂ ಮೇಲೆ ಕೆಳಗೆ ಗುರುತು ಹಾಕುತ್ತಾರೆ. ಪತ್ರಿಕೆಗಳಲ್ಲಿ ಹಾಕುವುದಿಲ್ಲ.

ಇದೇ ಲಿಪಿಯನ್ನು ಬೇರೆ ಕುಟುಂಬದ ಭಾಷೆ ಎತ್ತಿಕೊಂಡಾಗ ಹೊಲಿಗೆ ಬಿಚ್ಚುತ್ತದೆ. ಪರ್ಷಿಯನ್ನರು ಪ, ಚ, ಗ ಮತ್ತು ‘ಝ’ದ ಹತ್ತಿರದ ಒಂದು ಧ್ವನಿಗೆ ನಾಲ್ಕು ಅಕ್ಷರ ಹೊಸದಾಗಿ ಮಾಡಿಕೊಂಡರು. ಉಯ್ಗುರ್ ಭಾಷೆಯವರು ಇಂದಿನ ಬರವಣಿಗೆಯಲ್ಲಿ ಸ್ವರಗಳಿಗೆಲ್ಲ ಅಕ್ಷರ ಗೊತ್ತುಮಾಡಿಕೊಂಡಿದ್ದಾರೆ. ಕಣ್ಣಿಗೆ ಅರಬ್ಬಿ ಲಿಪಿ, ಒಳಗೆ ಆಲ್ಫಾಬೆಟ್. ಲಿಪಿಯ ರೂಪ ಒಂದು, ಜಾತಿ ಇನ್ನೊಂದು.

ಅಯೋನಿಯ
ಗ್ರೀಕರು ‘ಸ್ವರ ಕಂಡುಹಿಡಿದರು’ ಅಂತ ಚಾರ್ಟಲ್ಲಿ ದೊಡ್ಡದಾಗಿ ಬರೆಯಬೇಡಿ. ಫಿನೀಷಿಯನ್ ಅಕ್ಷರಗಳಲ್ಲಿ ಗ್ರೀಕ್ ಬಾಯಿಗೆ ಬಾರದ ಗಂಟಲಿನ ವ್ಯಂಜನಗಳಿದ್ದವು. ‘ಆಲೆಫ್’ನ ಮೊದಲ ಗಂಟಲತಡೆ ಗ್ರೀಕರ ಕಿವಿಗೆ ಬೀಳದಿದ್ದರೆ ಮೊದಲು ಕೇಳಿಸುವುದು ‘ಅ’. ಅದು ಆಲ್ಫಾ ಆಯಿತು. ‘ಹೇ’ ಎಪ್ಸಿಲಾನ್ ಆಯಿತು, ‘ಯೋದ್’ ಅಯೋಟ, ‘ಅಯಿನ್’ ಓಮಿಕ್ರಾನ್. ಕೆಲಸಕ್ಕೆ ಬಾರದ ಅಕ್ಷರಗಳಿಗೆ ಹೊಸ ಕೆಲಸ ಸಿಕ್ಕಿತು, ಅಷ್ಟೇ. ಅದಕ್ಕೂ ಶತಮಾನಗಳ ಹಿಂದೆ, ಕ್ರಿ.ಪೂ. 13ನೇ ಶತಮಾನದ ಹೊತ್ತಿಗೇ, ಸಿರಿಯಾದ ಉಗರಿತ್‌ನಲ್ಲಿ 30 ಅಕ್ಷರಗಳ ಬೆಣೆಲಿಪಿ ಇತ್ತು. ಅದರಲ್ಲಿ ಆಲೆಫ್ ಮೂರು ಬಗೆ: ಅ, ಇ, ಉ ಸೇರಿದವು. ಸ್ವರ ಗುರುತಿಸುವ ಯೋಚನೆ ಅಲ್ಲೇ ಇಣುಕಿದೆ. ‘ಅ-ಬ-ಗ’ ಎಂಬ ಅಕ್ಷರಕ್ರಮವೂ ಉಗರಿತ್‌ನ ಹಲಗೆಯ ಮೇಲೇ ಸಿಗುತ್ತದೆ, ಅಂದರೆ ಎಬಿಸಿಡಿ ಸಾಲಿನ ಬೆನ್ನೆಲುಬಿಗೆ 3,000 ವರ್ಷದ ಮೇಲಾಯಿತು.

ಆದರೂ ಎಲ್ಲ ಸ್ವರವನ್ನೂ ತಪ್ಪದೆ ಬರೆಯುವ ಪದ್ಧತಿ ಗ್ರೀಕರದೇ. ಲ್ಯಾಟಿನ್ ಅದನ್ನು ಎಟ್ರಸ್ಕನ್ನರ ಮೂಲಕ ಪಡೆಯಿತು. ಎಟ್ರಸ್ಕನ್ನಿನಲ್ಲಿ ಗ್ ಧ್ವನಿ ಇಲ್ಲ, ಹಾಗಾಗಿ ಗಾಮಾ ಹೋಗಿ ‘ಸಿ’ ಆಗಿ ಕ್ ಉಚ್ಚಾರ ಪಡೆಯಿತು. ರೋಮನ್ನರಿಗೆ ಗ್ ಬೇಕಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಅದೇ ‘ಸಿ’ಗೆ ಒಂದು ಗೀಟು ಹಾಕಿ ‘ಜಿ’ ಮಾಡಿ, ಆಗ ಬೇಡವಾಗಿದ್ದ ‘ಝಡ್’ನ ಜಾಗದಲ್ಲಿ ಕೂರಿಸಿದರು. ಮುಂದೆ ಗ್ರೀಕ್ ಪದಗಳಿಗೋಸ್ಕರ ‘ಝಡ್’ ಮತ್ತೆ ಬೇಕಾಯಿತು, ಆದರೆ ಅದರ ಜಾಗ ಹೋಗಿತ್ತು. ಸಾಲಿನ ಕೊನೆಗೆ ನಿಲ್ಲಬೇಕಾಯಿತು.

ಚಾರ್ಟ್_ಮಂಜು
ಭಾರತದ ಕಡೆ ಬರೋಣ. ನಮ್ಮ ಲಿಪಿಗಳ ಮೂಲವಾದ ಬ್ರಾಹ್ಮಿ ಎಲ್ಲಿಂದ ಬಂತು?

ಕಲ್ಬರಹ
ಎರಡು ಪಕ್ಷ ಇದೆ. ಜಾರ್ಜ್ ಬ್ಯೂಲರ್ ಹಾದಿಯವರು ಪಶ್ಚಿಮ ಏಷ್ಯಾದ ವ್ಯಂಜನಲಿಪಿಯಿಂದ ಎನ್ನುತ್ತಾರೆ, ಇನ್ನು ಕೆಲವರು ಇಲ್ಲಿಯದೇ ಎನ್ನುತ್ತಾರೆ. ಅದು ಮುಗಿದ ಜಗಳವಲ್ಲ. ಅಶೋಕನ ಕಾಲದ ಇನ್ನೊಂದು ಲಿಪಿ ಖರೋಷ್ಠಿಯ ವಿಷಯ ಅಷ್ಟು ಗೋಜಲಲ್ಲ, ಅದು ಅರಮಾಯಿಕ್ ಲಿಪಿಯಿಂದ ಹುಟ್ಟಿದ್ದು, ಬಲದಿಂದ ಎಡಕ್ಕೆ ಓಡುತ್ತದೆ.

ಎರಡೂ ಒಂದೇ ಬಂಡೆಯ ಮೇಲೆ ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿಯ ಅಶೋಕನ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ, ಎಡದಿಂದ ಬಲಕ್ಕೆ. ಆದರೆ ತನ್ನ ವೃತ್ತಿಯನ್ನು ಹೇಳುವ ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ, ಇಲ್ಲಿ ಓದುವವರು ಯಾರೂ ಇರಲಿಕ್ಕಿಲ್ಲ. ನನಗಂತೂ ಅದು ಅಪ್ಪಟ ಜಂಬ ಅನ್ನಿಸುತ್ತದೆ.

ಬ್ರಾಹ್ಮಿಯ ಗುಣಿತ ಚಾರ್ಟಿಗೆ ಹೇಳಿಮಾಡಿಸಿದ್ದು. ಕಕಾರ ಕೂಡಿಸುವ ಚಿಹ್ನೆಯ ಹಾಗೆ, ಒಂದು ಉದ್ದಗೆರೆ, ಒಂದು ಅಡ್ಡಗೆರೆ. ನೆತ್ತಿಯಿಂದ ಬಲಕ್ಕೆ ಚಿಕ್ಕ ಗೀಟು ಎಳೆದರೆ ಕಾ. ಎಡಕ್ಕೆ ಎಳೆದರೆ ಕೇ. ಎಡಬಲ ಎರಡೂ ಕಡೆ ಎಳೆದರೆ ಕೋ. ಬುಡದಲ್ಲಿ ಎಳೆದರೆ ಕು. ತಮಿಳು, ಮಲಯಾಳಂನಲ್ಲಿ ಇಂದಿಗೂ ‘ಕೊ’ ಬರೆಯುವಾಗ ಎಡಕ್ಕೊಂದು ಬಲಕ್ಕೊಂದು ಚಿಹ್ನೆ ಬರುವುದು ಇದರ ಮುಂದುವರಿಕೆ. ಅಶೋಕನ ಪ್ರಾಕೃತ ಬರವಣಿಗೆಯಲ್ಲಿ ದ್ವಿತ್ವ ಬರೆಯುತ್ತಿರಲಿಲ್ಲ. ಕನ್ನಡಕ್ಕೆ ಅದು ಸಾಕಾಗದು, ಹಳಿ ಬೇರೆ ಹಳ್ಳಿ ಬೇರೆ. ಅಕ್ಷರದ ಕೆಳಗೆ ಅಕ್ಷರ ಪೇರಿಸುವ ಪದ್ಧತಿ ಬ್ರಾಹ್ಮಿಯಲ್ಲೇ ಇತ್ತು, ನಮ್ಮ ಒತ್ತಕ್ಷರ ಅದರದೇ ಸಂತತಿ.

ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದ್ದೂ ಸ್ವರಚಿಹ್ನೆಯ ಸಹಾಯದಿಂದ. ಸಾಂಚಿಯ ಕಂಬ, ಕಟಕಟೆಗಳ ಮೇಲಿನ ಚಿಕ್ಕ ಬರಹಗಳೆಲ್ಲ ಒಂದೇ ಎರಡಕ್ಷರದಲ್ಲಿ ಮುಗಿಯುತ್ತಿದ್ದವು, ಕೊನೆಗೊಂದು ಚುಕ್ಕಿ. ಭಕ್ತರು ಕೊಟ್ಟ ಕಲ್ಲುಗಳಾದ್ದರಿಂದ ‘ದಾನಂ’ ಇರಬೇಕು ಎಂದು ಊಹಿಸಿದರು. ದ, ನ, ‘ಆ’ ಸ್ವರದ ಚಿಹ್ನೆ, ಸೊನ್ನೆ, ಒಂದೇ ಏಟಿಗೆ ನಾಲ್ಕು ಸಿಕ್ಕವು.

ಗುಣಿತಾಕ್ಷರ
ಅಬುಗಿಡ ಎಂಬ ಹೆಸರು ಇಥಿಯೋಪಿಯಾದ ಗೀಝ್ ಲಿಪಿಯದು. ‘ಅ-ಬ-ಗ’ ಕ್ರಮದ ಮೊದಲ ನಾಲ್ಕು ಅಕ್ಷರಕ್ಕೆ ಕ್ರಮವಾಗಿ ಮೊದಲ ನಾಲ್ಕು ಗುಣಿತ ಹಚ್ಚಿದರೆ ಅ-ಬು-ಗಿ-ದ. ಅಲ್ಲಿ 26 ವ್ಯಂಜನ, 7 ಗುಣಿತ, 182 ರೂಪ. ನಮ್ಮದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಒಂದೇ: ಅಲ್ಲಿ ಹಲಂತ ಚಿಹ್ನೆ ಇಲ್ಲ. ಆರನೆಯ ಗುಣಿತವೇ ಒಂದು ಮೊಟುಕು ಸ್ವರವನ್ನೂ ಸೂಚಿಸುತ್ತದೆ, ಸ್ವರವಿಲ್ಲದ ವ್ಯಂಜನವನ್ನೂ ಸೂಚಿಸುತ್ತದೆ. ಯಾವುದು ಎಂದು ಭಾಷೆ ಗೊತ್ತಿದ್ದವರೇ ಓದಿಕೊಳ್ಳಬೇಕು. ಹಿಂದಿಯಲ್ಲಿ ‘ರಾಮ’ ಬರೆದು ‘ರಾಮ್’ ಓದುವ ಹಾಗೆ.

ಕೊರಿಯಾ_ಕಡೆ
ಹಂಗುಲ್ ಬಿಟ್ಟರೆ ಚಾರ್ಟ್ ಅರ್ಧ. 1443ರಲ್ಲಿ ದೊರೆ ಸೆಜೊಂಗ್ ಕಾಲದಲ್ಲಿ ರೂಪಿಸಿ 1446ರಲ್ಲಿ ಹೊರಡಿಸಿದ್ದು. ಆಗ 28 ಅಕ್ಷರ, ಈಗ 24. ಇಲ್ಲಿ ಆಕಾರವೇ ಉಚ್ಚಾರದ ನಕ್ಷೆ. ಅಡ್ಡಗೆರೆ ಎಳೆದು ಬಲತುದಿಯಲ್ಲಿ ಕೆಳಗಿಳಿಸಿದರೆ ಕ್/ಗ್, ನಾಲಗೆಯ ಬುಡ ಗಂಟಲು ಮುಚ್ಚುವ ನೋಟ. ಉದ್ದಗೆರೆಯನ್ನು ಬುಡದಲ್ಲಿ ಬಲಕ್ಕೆ ತಿರುಗಿಸಿದರೆ ನ್, ನಾಲಗೆ ತುದಿ ವಸಡಿಗೆ ತಾಗುವುದು. ಚೌಕ ಮ್, ಬಾಯಿ. ಕ್‌ಗೆ ಇನ್ನೊಂದು ಗೀಟು ಸೇರಿಸಿದರೆ ಅದರ ಮಹಾಪ್ರಾಣ. ಕನ್ನಡದಲ್ಲೂ ಇದರ ಒಂದು ತುಣುಕು ಇದೆ, ದ-ಧ, ಡ-ಢ, ಪ-ಫ ಜೋಡಿಗಳ ಬುಡದ ಸೀಳು ನೋಡಿ. ಆದರೆ ಕ-ಖ, ತ-ಥಗೆ ಆ ನಿಯಮ ಇಲ್ಲ.

ಹಂಗುಲ್ ಆಲ್ಫಾಬೆಟ್ಟೇ, ಆದರೆ ಸಾಲಾಗಿ ಬರೆಯದೆ ಒಂದೊಂದು ಉಚ್ಚಾರಘಟಕವನ್ನು ಚೌಕದೊಳಗೆ ಜೋಡಿಸುತ್ತಾರೆ. ಮೊದಲ ವ್ಯಂಜನ 19, ಸ್ವರ 21, ಕೊನೆಯ ವ್ಯಂಜನ 27 ಮತ್ತು ‘ಇಲ್ಲ’ ಎಂಬುದೂ ಸೇರಿ 28. ಗುಣಿಸಿದರೆ 11,172. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಕಂಪ್ಯೂಟರ್ ಮಾನಕ) ಅಷ್ಟೂ ಚೌಕಗಳಿಗೆ ಜಾಗ ಇದೆ, ಸಂಖ್ಯೆ ಲೆಕ್ಕದಿಂದಲೇ ಸಿಗುತ್ತದೆ. ‘ಹನ್’ ಬೇಕಾದರೆ ಹ್‌ನ ಕ್ರಮಾಂಕ 18, ಅ 0, ಕೊನೆಯ ನ್ 4 (ಎಣಿಕೆ ಸೊನ್ನೆಯಿಂದ), ಮೊದಲ ಚೌಕದ ಸಂಖ್ಯೆ 44032. 44032 + (18×21+0)×28 + 4 = 54620.

ಜಪಾನಿನ ಕಾನಾ (ಹಿರಗಾನ ಸೇರಿದ ಸಿಲಬರಿ) ಆಕಾರಗಳು ಚೀನೀ ಅಕ್ಷರಗಳಿಂದ ಬಂದವು, ಆದರೆ ಮಗ್ಗಿಯ ಕ್ರಮ ನಮ್ಮದು. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಹ ಹಿಂದೆ ಪ ಆಗಿತ್ತು. ಸ ಇರುವುದು ನಮ್ಮ ಚವರ್ಗದ ಜಾಗದಲ್ಲಿ. ಈಗ ಓದಿ: ಕ ಚ ತ ನ ಪ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಕಲಿಕೆಯ ಜೊತೆ ಹೋದ ಸಾಲು ಇದು.

ಕೀಲಿಮಣೆ_56
ಈ ಜಾತಿಭೇದ ಕಂಪ್ಯೂಟರಿನಲ್ಲಿ ಎಲ್ಲಿ ಕಚ್ಚುತ್ತದೆ ಅನ್ನೋದನ್ನೂ ಹೇಳಿಬಿಡೋಣ.

‘ಸ್ತ್ರೀ’ ತಗೊಳ್ಳಿ. ಬಾಯಿಗೆ, ಕಣ್ಣಿಗೆ 1 ಅಕ್ಷರ. ವ್ಯಾಕರಣಕ್ಕೆ ಸ್+ತ್+ರ್+ಈ, 4 ವರ್ಣ. ಯೂನಿಕೋಡ್‌ಗೆ ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ, 6 ಸಂಕೇತ. ಅವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದಕ್ಕೆ 3ರಂತೆ 18 ಬೈಟ್. ಒಂದು ಕನ್ನಡ ಎಸ್‌ಎಂಎಸ್‌ಗೆ 70 ಸಂಕೇತ ಮಿತಿ, ಅಂದರೆ ಬಿಡುವಿಲ್ಲದೆ ಬರೆದರೂ 11 ‘ಸ್ತ್ರೀ’ ಹಿಡಿಯುತ್ತದೆ. ಹೆಸರಿನ ಫಾರಮ್ಮಿನಲ್ಲಿ ‘ಗರಿಷ್ಠ 20 ಅಕ್ಷರ’ ಅಂತ ಇದ್ದು ಹೆಸರು ಅರ್ಧಕ್ಕೆ ತುಂಡಾದರೆ ಕಾರಣ ಇದೇ.

ಅಕಾರಾದಿ ಜೋಡಣೆ: ಸಂಕೇತಸಂಖ್ಯೆಯಂತೆ ಲ 3250, ಳ 3251, ವ 3253, ಹ 3257. ವರ್ಣಮಾಲೆಯಲ್ಲಿ ಳ ಕೊನೆಗೆ. ಸಂಖ್ಯೆಯಂತೆ ಜೋಡಿಸಿದರೆ ‘ಬಳೆ’ ಬಂದು ‘ಬಸವ’ನ ಮುಂದೆ ನಿಲ್ಲುತ್ತದೆ. ಕನ್ನಡ ನಿಘಂಟಿನಲ್ಲಿ ಅದು ‘ಬಹಳ’ದ ನಂತರ ಬರಬೇಕು. ಜೋಡಿಸುವಾಗ ಕನ್ನಡದ ಕ್ರಮವನ್ನೇ ಆರಿಸಿಕೊಳ್ಳಿ, ಬರೀ ಸಂಖ್ಯೆ ನಂಬಬೇಡಿ.

ಓತ್ವ: ‘ಕೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ + ಊಕಾರದ ಕೊಂಬು + ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ದತ್ತಾಂಶವನ್ನು ಸಂಗ್ರಹಿಸುವ ಮೊದಲೇ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ ಯೂನಿಕೋಡ್ ರೂಪ) ತಂದರೆ ಈ ಕಾಟ ಇಲ್ಲ.

ಅರ್ಕಾವತ್ತು: ‘ಸೂರ್ಯ’ದಲ್ಲಿ ರ್ ಮೊದಲು ಉಚ್ಚಾರವಾದರೂ ಆಕಾರ ಕೊನೆಗೆ ಹೋಗುತ್ತದೆ. ಪದದ ಮೊದಲಲ್ಲಿ ಅದು ಬೇಡ. ‘ರ‍್ಯಾಂಕ್’ ಸರಿಯಾಗಿ ಬರಬೇಕಾದರೆ ರ ಆದಮೇಲೆ, ಹಲಂತಕ್ಕಿಂತ ಮೊದಲು, ಕಣ್ಣಿಗೆ ಕಾಣದ ಕೂಡಿಸುಗುರುತು (8205) ಹಾಕಬೇಕು. ‘ಸಾಫ್ಟ್‌ವೇರ್’ನಲ್ಲಿ ವ ಒತ್ತಾಗದಿರಲು ಹಲಂತದ ನಂತರ ಬಿಡಿಸುಗುರುತು (8204).

ನೇತ್ರಾವತಿ_ಬದಿ
ದೇವನಾಗರಿ ಪಠ್ಯವನ್ನ ಕನ್ನಡ ಲಿಪಿಗೆ ತಿರುಗಿಸಲು ಪ್ರತಿ ಸಂಖ್ಯೆಗೆ 896 ಕೂಡಿಸಿದರೆ ಸಾಕು ಅಂತಾರೆ, ಹೌದಾ? ಕೊಂಕಣಿ ಪಠ್ಯ ಎರಡೂ ಲಿಪಿಯಲ್ಲಿ ಬೇಕಾಗ್ತದೆ.

ಕೀಲಿಮಣೆ_56
ಬಹುಪಾಲು ಹೌದು. ದೇವನಾಗರಿ ಕ 2325, ಕನ್ನಡ ಕ 3221. ಭಾರತೀಯ ಲಿಪಿಗಳ ಹಳೆಯ ಇಸ್ಕಿ ಮಾನಕದ ಜೋಡಣೆಯನ್ನೇ ಯೂನಿಕೋಡ್ ಇಟ್ಟುಕೊಂಡಿದ್ದರಿಂದ ಈ ಅನುಕೂಲ. ಮುಖ್ಯವಾಗಿ ಕೆಡುವುದು ಮೂರು ಕಡೆ. ಪೂರ್ಣವಿರಾಮದ ದಂಡ (2404) ಎಲ್ಲ ಲಿಪಿಗೂ ಒಂದೇ, ಅದಕ್ಕೆ ಕೂಡಿಸಿದರೆ ಖಾಲಿ ಜಾಗಕ್ಕೆ ಹೋಗಿ ಡಬ್ಬಿ ಕಾಣುತ್ತದೆ. ‘ಡಾಕ್ಟರ್’ ಪದದ ಅರ್ಧಚಂದ್ರವಿರುವ ‘ಆ’ ಚಿಹ್ನೆಗೆ (2377) ಕನ್ನಡದಲ್ಲಿ ಜೋಡಿ ಇಲ್ಲ, ಅದನ್ನು ಮೊದಲೇ ‘ಆ’ ಮಾಡಿಕೊಳ್ಳಿ. ಮೂರನೆಯದು ಹಳಗನ್ನಡದ ೞ.

ಚಾರ್ಟ್_ಮಂಜು
ಹಾಗಾದ್ರೆ ಚಾರ್ಟಲ್ಲಿ ಕನ್ನಡ ‘ವರ್ಣಮಾಲೆ’ ಅಂತ ಬರೆದರೆ ತಪ್ಪಾ? ಮತ್ತೆ ೞ ಕತೆ ಏನು?

ಗುಣಿತಾಕ್ಷರ
ತಪ್ಪಲ್ಲ. ವರ್ಣ ಅಂದರೆ ಬಿಡಿ ಧ್ವನಿ, ವರ್ಣಮಾಲೆ ಆ ಧ್ವನಿಗಳ ಪಟ್ಟಿ. ಅಕ್ಷರ ಅಂದರೆ ಬರೆಯುವ ಘಟಕ, ‘ಸ್ತ್ರೀ’ಯಷ್ಟು ದಪ್ಪವೂ ಇರಬಹುದು. ಪಟ್ಟಿಗೆ ವರ್ಣಮಾಲೆ ಅನ್ನಿ, ಬರವಣಿಗೆಯ ಬಗೆ ಹೇಳುವ ಕಾಲಮ್ಮಿನಲ್ಲಿ ‘ಅಬುಗಿಡ’ ಹಾಕಿ. ತುಳುವಿಗೂ ಒಂದು ಸಾಲು ಕೊಡಿ, ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ಸೇರಿದೆ.

ಕೀಲಿಮಣೆ_56
ೞ ಲೆಕ್ಕದ ಪ್ರಕಾರ 3252ರಲ್ಲಿ ಇರಬೇಕಿತ್ತು, ಇರೋದು 3294ರಲ್ಲಿ. ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ’ ಅಂತ! ಯಾರೋ ಹಳಗನ್ನಡದ ಅಕ್ಷರವನ್ನು ತಪ್ಪಾಗಿ ಓದಿದ್ದು. ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರು ಮಾತ್ರ ಕೊಟ್ಟಿದ್ದಾರೆ. ಕೋಡ್ ಬರೆಯುವಾಗ ಹೆಸರಿನಿಂದ ಹುಡುಕಬೇಡಿ, 3294 ಅಂತಲೇ ಹಾಕಿ.